ಸೇಬಿನ ತೋಟದ ದೇವರು: ಸೂಪರ್‌ನ್ಯಾಚುರಲ್ ನೋಡಿದವರಿಗೆ ಒಂದು ಪ್ರಶ್ನೆ

ಬೆಟಗೇರಿ ಮಗ್ಗ (ಗದಗ):
ಸೂಪರ್‌ನ್ಯಾಚುರಲ್ ಸೀರಿಯಲ್ ನೋಡಿದವರು ಇದ್ದೀರಾ? ದೆವ್ವ-ಭೂತಗಳನ್ನು ಬೇಟೆಯಾಡುತ್ತಾ ಊರೂರು ಸುತ್ತುವ ಅಣ್ಣತಮ್ಮರ ಅಮೆರಿಕದ ಕಥೆ. 2005ರಲ್ಲಿ ಶುರುವಾದದ್ದು, ನಾನು ಈಗ ನೋಡುತ್ತಿದ್ದೇನೆ. ನಿನ್ನೆ ರಾತ್ರಿ ಮೊದಲ ಸೀಸನ್ನಿನ 11ನೇ ಎಪಿಸೋಡ್ ಮುಗಿಸಿದೆ. ಇಂಡಿಯಾನಾದ ಬರ್ಕಿಟ್ಸ್‌ವಿಲ್ ಅನ್ನೋ ಸಣ್ಣ ಊರು. ಸುತ್ತಲಿನವರಿಗೆ ಕಷ್ಟ, ಇವರ ಸೇಬಿನ ತೋಟ ಮಾತ್ರ ನಳನಳಿಸುತ್ತದೆ. ಯಾಕಂದ್ರೆ ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಆ ದಾರಿಗೆ ಬಂದ ಒಂದು ಜೋಡಿಯನ್ನು ತೋಟದ ಬೆದರುಗೊಂಬೆಗೆ ಬಲಿ ಕೊಡುತ್ತಾರೆ. ಅದಕ್ಕೂ ಮುಂಚೆ ನಗುನಗುತ್ತಾ ಸೇಬಿನ ಪೈ ತಿನ್ನಿಸುತ್ತಾರೆ! ಕಾಣೆಯಾದ ಹುಡುಗನ ಹಚ್ಚೆ ಆ ಗೊಂಬೆಯ ತೋಳಿನ ಮೇಲೆ ಕಂಡಾಗ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ.

ಅದು 'ವಾನಿರ್' ಅನ್ನೋ ದೇವರು ಅಂತಾರೆ. ನಿಜಕ್ಕೂ ಅಂಥ ದೇವರು ಇದ್ದನಾ? ಕೊನೆಗೆ ಒಂದು ಹಳೇ ಮರ ಸುಟ್ಟು ಅವನ ಕಥೆ ಮುಗಿಸುತ್ತಾರೆ. ಪಕ್ಕದಲ್ಲಿದ್ದ ಹೆಂಡತಿ "ದೇವರು ಎಲ್ಲಿ ಸಾಯ್ತಾನ್ರೀ?" ಅಂತ ನಕ್ಕಳು. ಏನು ಹೇಳಲಿ?

ಗಿರಮಿಟ್ಟು (ಹುಬ್ಬಳ್ಳಿ):
ನಾನು ಅಣ್ಣತಮ್ಮರ ಜಗಳಕ್ಕೇ ಆ ಎಪಿಸೋಡ್ ಎರಡು ಸಲ ನೋಡಿದ್ದು. ತಮ್ಮನಿಗೆ ದಾರಿಯಲ್ಲಿ ಸಿಗುತ್ತಾಳಲ್ಲ, ಆ ಹುಡುಗಿ ಮೇಲೆ ಒಂದು ಕಣ್ಣಿಡಿ. ಇಷ್ಟೇ ಹೇಳ್ತೀನಿ.

ಸಪ್ತಾಪುರ ಬಾವಿ (ಧಾರವಾಡ):
ವಾನಿರ್ ಒಬ್ಬನ ಹೆಸರಲ್ಲ, ಉತ್ತರ ಯುರೋಪಿನ ಹಳೇ ನಾರ್ಸ್ ಪುರಾಣದಲ್ಲಿ ದೇವತೆಗಳ ಒಂದು ಕುಲದ ಹೆಸರು. ನ್ಯೋರ್ಡ್, ಅವನ ಮಕ್ಕಳು ಫ್ರೇಯರ್, ಫ್ರೇಯಾ ಆ ಕುಲದವರು. ಮಳೆ, ಬಿಸಿಲು, ಬೆಳೆ, ಸಂತಾನ ಇವರ ಪಾಲು. ಓಡಿನ್, ಥಾರ್ ಅವರದು ಬೇರೆ ಕುಲ. ಎರಡೂ ಕುಲ ಹೊಡೆದಾಡಿ, ಆಮೇಲೆ ರಾಜಿ ಆದವು ಅಂತ ಕಥೆ.

ಮರ ಮಾತ್ರ ಪೂರ್ತಿ ಕಟ್ಟುಕಥೆ ಅಲ್ಲ. ಸ್ವೀಡನ್ನಿನ ಉಪ್ಸಾಲಾದಲ್ಲಿ ಗುಡಿಯ ಹತ್ತಿರ ದೊಡ್ಡ ಮರವಿತ್ತು, 9 ವರ್ಷಕ್ಕೊಮ್ಮೆ ಅಲ್ಲಿನ ತೋಪಿನಲ್ಲಿ ಬಲಿಯ ಹೆಣಗಳನ್ನು ತೂಗುಹಾಕುತ್ತಿದ್ದರು ಅಂತ 11ನೇ ಶತಮಾನದ ಕ್ರೈಸ್ತ ಪಾದ್ರಿ, ಬ್ರೆಮೆನ್ನಿನ ಆಡಮ್, ಬರೆದಿಟ್ಟಿದ್ದಾನೆ. ಅವನು ಕಣ್ಣಾರೆ ಕಂಡದ್ದಲ್ಲ, ಕೇಳಿ ಬರೆದದ್ದು. ಅವರಿಗೆ ಆಗದವನು ಬೇರೆ. ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು, ಅಲ್ವಾ? ಅಲ್ಲಿದ್ದ ಬೆಳೆಯ ದೇವರ ಮೂರ್ತಿಗೆ ಭಾರೀ ಲಿಂಗ ಇತ್ತು ಅಂತಲೂ ಬರೆದಿದ್ದಾನೆ.

ವರದಾ ದಂಡೆ (ಹಾವೇರಿ):
ಭಾರೀ ಲಿಂಗ ಅಂದ ಕೂಡಲೇ ನನಗೆ ನಮ್ಮ ಜೋಕುಮಾರ ನೆನಪಾದ. ಬುಟ್ಟಿಯಲ್ಲಿ ಅವನನ್ನು ಬೇವಿನ ಸೊಪ್ಪಿನಿಂದ ಯಾಕೆ ಮುಚ್ಚಿರುತ್ತಾರೆ ಅನ್ನೋದು ನನಗೆ ದೊಡ್ಡವನಾದ ಮೇಲೆ ತಿಳಿದದ್ದು.

ಗಣಪ್ಪ ಹೋದ ಮೇಲೆ, ಭಾದ್ರಪದದ ಅಷ್ಟಮಿಗೆ ಹುಟ್ಟುತ್ತಾನೆ. ಹುಣ್ಣಿಮೆಗೆ ಸಾಯುತ್ತಾನೆ. ಅಷ್ಟರಲ್ಲಿ ಅಂಬಿಗರ ಹೆಣ್ಣುಮಕ್ಕಳು ಅವನನ್ನು ತಲೆ ಮೇಲೆ ಹೊತ್ತು ಮನೆಮನೆ ತಿರುಗುತ್ತಾರೆ. ನಮ್ಮ ಅಜ್ಜಿ ಮೊರದಲ್ಲಿ ಜೋಳ ತಂದು ಹಾಕುತ್ತಿದ್ದಳು. ಆಮೇಲೆ ತೋರುಬೆರಳಿನಿಂದ ಅವನ ಬಾಯಿಗೆ ಬೆಣ್ಣೆ ಒರೆಸುತ್ತಿದ್ದಳು. ಸಂಜೆ ಹೊತ್ತಿಗೆ ಊರಿನ ಬೆಣ್ಣೆಯೆಲ್ಲ ಕರಗಿ ಮಣ್ಣಿನ ಗದ್ದದಿಂದ ಇಳಿಯುತ್ತಿತ್ತು. ಅವರು ಕೊಟ್ಟ ಬೇವು, ನುಚ್ಚನ್ನು ಅಪ್ಪ ಹೊಲಕ್ಕೆ ಚೆಲ್ಲಿ ಬರುತ್ತಿದ್ದ. ಹುಣ್ಣಿಮೆ ರಾತ್ರಿ ಅಗಸರ ಬಂಡೆ ಹತ್ತಿರ ಅವನನ್ನು ಮುಗಿಸುತ್ತಿದ್ದರು. ಅಗಸರ ಹುಡುಗಿಯ ಬೆನ್ನು ಬಿದ್ದು ಪೆಟ್ಟು ತಿಂದ ಅಂತ ಕಥೆ. ಆಮೇಲೆ ಮೂರು ದಿನ ನಮ್ಮೂರಲ್ಲಿ ಯಾರೂ ಹಳ್ಳಕ್ಕೆ ಬಟ್ಟೆ ಒಯ್ಯುತ್ತಿರಲಿಲ್ಲ.

ಗಣಪ್ಪ ಕಡುಬು ತಿಂದು ಹೋಗಿ ಶಿವನಿಗೆ "ಭೂಮಿ ಮೇಲೆ ಎಲ್ಲ ಚೆನ್ನಾಗಿದೆ" ಅಂತಾನಂತೆ. ಜೋಕಪ್ಪ ಸತ್ತು ಹೋಗಿ "ಮಳೆ ಇಲ್ಲ, ಜನ ಒದ್ದಾಡ್ತಿದ್ದಾರೆ" ಅಂತ ಇದ್ದದ್ದು ಇದ್ದಂಗೆ ಹೇಳುತ್ತಾನೆ. ಆಗ ಮಳೆ.

ಬರ್ಕಿಟ್ಸ್‌ವಿಲ್‌ನಲ್ಲಿ ಬೆಳೆಗೋಸ್ಕರ ದೇವರಿಗೆ ಜನರನ್ನು ಕೊಡುತ್ತಾರೆ, ಅದೂ ಪರಊರಿನವರನ್ನು. ನಮ್ಮಲ್ಲಿ ಬೆಳೆಗೋಸ್ಕರ ದೇವರೇ ಸಾಯುತ್ತಾನೆ, ಪ್ರತಿ ವರ್ಷ. ನಿಮ್ಮ ಮನೆಯವರಿಗೆ ಹೇಳಿ.

ಬೆಟಗೇರಿ ಮಗ್ಗ (ಗದಗ):
ಎಲ್ಲರಿಗೂ ಥ್ಯಾಂಕ್ಸ್. ಓದಿ ಹೇಳಿದೆ. ಅವಳ ತವರು ರೋಣ ಕಡೆ. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ, "ಜೋಕಪ್ಪನ್ನ ನಾನು ದೇವರು ಅಂತ ಯಾವತ್ತ ಅಂದ್ಕೊಂಡಿದ್ನ್ರೀ, ಮನಿ ಹುಡುಗ ಇದ್ದಂಗ ಅಂವ" ಅಂದಳು. 12ನೇ ಎಪಿಸೋಡ್ ಹಾಕು ಅಂತ ಈಗ ಅವಳದೇ ಗಡಿಬಿಡಿ.