ಪದ ಬೇಕು, ತುರ್ತು: ನಿಲ್ಲಿಸಿಟ್ಟ ಮೋಟರ್‌ಹೋಮ್, ‘ಫ್ಲೋಟ್ ಚಾರ್ಜ್’

ಎಲ್ಲರಿಗೂ ನಮಸ್ಕಾರ. ಮೋಟರ್‌ಹೋಮನ್ನು (ಒಳಗೇ ಉಳಿದು, ಮಲಗಿ, ಅಡುಗೆ ಮಾಡಬಹುದಾದ ಗಾಡಿ) ತಿಂಗಳುಗಟ್ಟಲೆ ನಿಲ್ಲಿಸಿಡುವವರಿಗೆ ಒಂದು ಕೈಪಿಡಿ ಅನುವಾದ ಮಾಡ್ತಿದ್ದೇನೆ. ಜೊತೆಗೆ ಬ್ಯಾಟರಿ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸುವ ಸ್ಟಿಕ್ಕರ್ ಇದೆ, ಅದು ಇವತ್ತು ಸಂಜೆ ಪ್ರಿಂಟಿಗೆ ಹೋಗಬೇಕು. ಮೊದಲ ತೊಡಕು ‘ಫ್ಲೋಟ್ ಚಾರ್ಜ್’, ಅಂದರೆ ತುಂಬಿದ ಬ್ಯಾಟರಿ ಇಳಿಯದಂತೆ ಸಿಕ್ಕಿಸಿಡುವ ಚಾರ್ಜ್. ಎರಡನೆಯದು, ಎಲ್ಲ ಸ್ವಿಚ್ ಆರಿಸಿದ ಮೇಲೂ ಗ್ಯಾಸ್ ಅಲಾರಂ, ರೇಡಿಯೋದ ಗಡಿಯಾರ ಇಂಥವು ಸದ್ದಿಲ್ಲದೆ ಎಳೆಯುವ ಕರೆಂಟು. ನಿಘಂಟು ನೋಡಿ ‘ಪರಾವಲಂಬಿ ಸೋರಿಕೆ’ ಅಂತ ಬರೆದೆ, ನನಗೇ ನಗು ಬಂತು. ಇನ್ನು ಗಾಡಿಯಲ್ಲಿ ಎರಡು ಬ್ಯಾಟರಿ ಇರುತ್ತವೆ. ಎಂಜಿನ್ ಸ್ಟಾರ್ಟ್ ಮಾಡಲು ಒಂದು, ದೀಪ, ಪಂಪು, ಫ್ರಿಜ್ಜಿಗೆ ಇನ್ನೊಂದು. ಈ ಎರಡನೆಯದನ್ನು ಏನಂತ ಕರೆಯೋಣ?

ಮರು:
ಹನಿ ಚಾರ್ಜ್. ಹನಿ ನೀರಾವರಿ ಗೊತ್ತಿಲ್ಲದವರು ಯಾರು? ಎರಡನೆಯದು ಕಳ್ಳ ಕರೆಂಟು. ಮೂರನೆಯದು ಮನೆ ಬ್ಯಾಟರಿ. ಮುಗೀತು.

ಮರು:
ಮುಗೀಲಿಲ್ಲ ಸಾರ್. ‘ಹನಿ’ ಅನ್ನೋದು ಟ್ರಿಕಲ್‌ಗೆ ಸರಿ, ಫ್ಲೋಟ್‌ಗೆ ತಪ್ಪು. ಸಾದಾ ಟ್ರಿಕಲ್ ಚಾರ್ಜರ್ ಬ್ಯಾಟರಿ ತುಂಬಿದೆಯೋ ಇಲ್ಲವೋ ನೋಡಲ್ಲ, ಸಣ್ಣ ಕರೆಂಟನ್ನು ಒಂದೇ ಸಮ ತಳ್ಳುತ್ತಾ ಇರುತ್ತೆ. ವಾರಗಟ್ಟಲೆ ಹಾಗೇ ಬಿಟ್ಟರೆ ಒಳಗಿನ ನೀರು ಆರಿ ಪ್ಲೇಟು ಬಯಲಾಗುತ್ತೆ. ಫ್ಲೋಟ್ ಹಾಗಲ್ಲ. ಅದು ವೋಲ್ಟೇಜನ್ನು ಸುಮಾರು 13.5ರಲ್ಲಿ ಹಿಡಿದು ನಿಲ್ಲಿಸುತ್ತೆ, ಬ್ಯಾಟರಿ ತನಗೆ ಬೇಕಾದಷ್ಟೇ ಕರೆಂಟು ಎಳೆದುಕೊಳ್ಳುತ್ತೆ. ಸ್ಟಿಕ್ಕರಿನಲ್ಲಿ ‘ಹನಿ’ ಅಂತ ಹಾಕಿದರೆ ಯಾರೋ ಒಬ್ಬರು ಅಗ್ಗದ ಟ್ರಿಕಲ್ ಚಾರ್ಜರ್ ತಂದು ಸಿಕ್ಕಿಸಿ ಹೋಗ್ತಾರೆ.

‘ಕಾಪಿಡುವ ಚಾರ್ಜ್’ ಅನ್ನಿ. ಕೆಲಸ ಅದೇ ಅಲ್ವಾ, ತುಂಬಿಸುವುದಲ್ಲ, ತುಂಬಿದ್ದನ್ನು ಕಾಯುವುದು. ಆದರೆ ಇದು ಲೆಡ್ ಆಸಿಡ್ ಬ್ಯಾಟರಿಗೆ ಮಾತ್ರ. ಲಿಥಿಯಂ ಇದ್ದರೆ ಅರ್ಧದಷ್ಟು ಚಾರ್ಜ್ ಉಳಿಸಿ, ತಂತಿ ಕಳಚಿಟ್ಟರೆ ಸಾಕು, ಅದಕ್ಕೆ ಫ್ಲೋಟಿನ ಅಗತ್ಯ ಇಲ್ಲ. ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜಿಗೆ ಹಾಕಲೂಬಾರದು. ಕೈಪಿಡಿಯಲ್ಲಿ ಎರಡಕ್ಕೂ ಒಂದೇ ಪದ ಬಳಸಿ ಕಲಸಿಬಿಡಬೇಡಿ.

‘ಕಳ್ಳ ಕರೆಂಟು’ ಬೇಡ, ಮೀಟರಿಗೆ ಕೊಕ್ಕೆ ಹಾಕಿದವರ ನೆನಪಾಗುತ್ತೆ. ‘ಸುಮ್ನೆ ಸೋರುವ ಕರೆಂಟು’ ಸಾಕು. ಪಕ್ಕದಲ್ಲೇ ಒಂದು ಲೆಕ್ಕ ಕೊಡಿ: 30 ಮಿಲಿಆಂಪ್ ಸೋರಿದರೆ ತಿಂಗಳಿಗೆ ಹತ್ತಿರ ಹತ್ತಿರ 22 ಆಂಪ್-ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ) ಖಾಲಿ. 100 ಆಂಪ್-ಅವರ್ ಬ್ಯಾಟರಿ ಎರಡೂವರೆ ತಿಂಗಳೊಳಗೆ ಅರ್ಧಕ್ಕೆ ಇಳಿಯುತ್ತೆ, ಬ್ಯಾಟರಿ ತಾನಾಗಿ ಕಳೆದುಕೊಳ್ಳೋದು ಬೇರೆ. ಈ ಲೆಕ್ಕ ಓದಿದವನಿಗೆ ಪದ ಯಾವುದಾದರೂ ಅರ್ಥ ಆಗುತ್ತೆ. ‘ಮನೆ ಬ್ಯಾಟರಿ’ ಅಂದರೆ ಜನ ಯುಪಿಎಸ್ ಅಂದುಕೊಳ್ತಾರೆ. ‘ವಾಸದ ಬ್ಯಾಟರಿ’ ಆಗಬಹುದು.

ಮರು:
ಕಾಪಿಡುವ ತನಕ ಬಂದು ‘ಚಾರ್ಜ್’ ಹತ್ತಿರ ಯಾಕೆ ಕಾಲು ಜಾರಿತು? ಆ ಪದದ ಬೇರು ನೋಡಿ. ಲ್ಯಾಟಿನ್ನಿನಲ್ಲಿ ಗಾಡಿಗೆ ಹೊರೆ ಏರಿಸುವ ಕ್ರಿಯೆ. ‘ಕಾರು’ ಅನ್ನೋ ಪದವೂ ಅದೇ ಬೇರಿನದು. ನಮ್ಮಲ್ಲಿ ಅದಕ್ಕೆ ಒಪ್ಪುವ ಧಾತು ಇದೆ: ಹೇರು, ಹಳೆಗನ್ನಡದ ಪೇರು. ಫ್ಲೋಟ್ ಚಾರ್ಜ್ ಅಂದರೆ ‘ಕಾಪುಹೇರು’. ‘ಪರಾವಲಂಬಿ ಸೋರಿಕೆ’ಯಲ್ಲಿ ನಗು ಬರೋದು ಸಹಜ, ಅದು ಅರಿಸಮಾಸ. ಇನ್ನು ‘ಬ್ಯಾಟರಿ’ ಅನ್ನೋದೇ ಫಿರಂಗಿಗಳ ಸಾಲಿನ ಹೆಸರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲಿ ವಿದ್ಯುತ್ ಕೂಡಿಡುವ ಗಾಜಿನ ಹಲಗೆಗಳ ಸಾಲಿಗೆ ಅದನ್ನು ಅಂಟಿಸಿದ. ನಮಗೇನು ಗತಿಕೇಡು? ‘ಮಿಂಗೂಡು’ ಅನ್ನಿ, ಮಿಂಚಿನ ಗೂಡು.

ಮರು:
ಬ್ಯಾಟರಿ ಮೇಲೆ ‘ಹೇರಿಕೆ’ ಅಂದರೆ ಜನ ಬಾವುಟ ಹಿಡಿದು ಬರ್ತಾರೆ ಸಾರ್. ‘ಮಿಂಗೂಡು’ ಮೀನಿನ ಗೂಡೋ ಅಂತ ಕೇಳ್ತಾರೆ. ಚಾವಿ ಪೋರ್ಚುಗೀಸರಿಂದ ಬಂತು, ಕುರ್ಚಿ ಅರಬ್ಬಿ. ನೀವು ಕುರ್ಚಿ ಮೇಲೆ ಕೂತೇ ಈ ಮೇಲ್ ಬರೆದಿರಿ ಅಲ್ವಾ?

ಮರು:
ಹಳೇ ವಾದ. ಕುರ್ಚಿ ಬಂತು ಅಂತ ಕಸವನ್ನೆಲ್ಲ ಒಳಗೆ ಬಿಡಬೇಕಿಲ್ಲ. ಕ್ರಿಯಾಪದ ಸಾಲ ತಂದ ಭಾಷೆ ಮುಂದೆ ಯೋಚನೆಯನ್ನೂ ಸಾಲ ತರುತ್ತೆ.

ಮರು:
ಕ್ರಿಯಾಪದ ಎಲ್ಲಿ ಸಾಲ ತಂದೆವು? ‘ಚಾರ್ಜಿಗೆ ಹಾಕು’. ಚಾರ್ಜ್ ನಾಮಪದ, ಚತುರ್ಥಿ ನಮ್ಮದು, ಹಾಕು ನಮ್ಮದು. ಗ್ಯಾರೇಜಿನವರನ್ನು ಕೇಳಿ ನೋಡಿ. ಬ್ಯಾಟರಿ ‘ಕೂತಿದೆ’ ಅಂತಾರೆ, ‘ಸೆಲ್ಲು ಹೋಗಿದೆ’ ಅಂತಾರೆ. ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗೋದನ್ನು ‘ಬಿಳಿ ಕಟ್ಟಿದೆ’ ಅಂದರೆ ಯಾರಿಗೂ ನಿಘಂಟು ಬೇಡ. ಕನ್ನಡ ಬದುಕಿರೋದು ಅಂಥ ಕಡೆ, ನಿಮ್ಮ ಗೂಡಿನಲ್ಲಲ್ಲ.

ಮರು:
ಜಗಳ ಆಮೇಲೆ ಮುಂದುವರಿಸಿ, ದಯವಿಟ್ಟು. ಸ್ಟಿಕ್ಕರಿಗೆ ಹೀಗೆ ಬರೆದಿದ್ದೇನೆ:

“ಗಾಡಿ ನಿಲ್ಲಿಸಿಡುವ ಮುಂಚೆ ಎರಡೂ ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ. ಮೈನ್ ಸ್ವಿಚ್ ಆರಿಸಿ. ತಂತಿ ಕಳಚುವುದಾದರೆ ಮೊದಲು ಮೈನಸ್. ಮತ್ತೆ ಜೋಡಿಸುವಾಗ ಮೈನಸ್ ಕೊನೆಗೆ. ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ: 12.6 ಇದ್ದರೆ ಸರಿ, 12.4ಕ್ಕಿಂತ ಇಳಿದರೆ ಚಾರ್ಜಿಗೆ ಹಾಕಿ. ಕಾಪಿಡುವ ಚಾರ್ಜರ್ ಇದ್ದರೆ ಸಿಕ್ಕಿಸಿಡಿ, ಪೆಟ್ಟಿಗೆಗೆ ಗಾಳಿ ಆಡಲಿ. ಪ್ಲೇಟು ನೀರಿನಲ್ಲಿ ಮುಳುಗಿರಲಿ. ಲಿಥಿಯಂ ಬ್ಯಾಟರಿಗೆ ಇದು ಅನ್ವಯಿಸುವುದಿಲ್ಲ, ಕೈಪಿಡಿ ನೋಡಿ.”

ಮರು:
ಸೋಲಾರ್ ಪ್ಯಾನೆಲ್ ಇರುವವರಿಗೆ ಒಂದು ಸಾಲು ಸೇರಿಸಿ. ಬಹಳ ಗಾಡಿಗಳಲ್ಲಿ ಅದು ವಾಸದ ಬ್ಯಾಟರಿಗೆ ಮಾತ್ರ ಜೋಡಿಸಿರುತ್ತೆ, ಎಂಜಿನ್ ಬ್ಯಾಟರಿ ಪಕ್ಕದಲ್ಲೇ ಕೂತುಹೋಗುತ್ತೆ. ‘ನೀರು’ ಅಂತ ಬರಿದೇ ಬಿಡಬೇಡಿ, ‘ಡಿಸ್ಟಿಲ್ಡ್ ವಾಟರ್’ ಅಂತ ಹಾಕಿ, ಇಲ್ಲದಿದ್ದರೆ ನಲ್ಲಿ ನೀರು ಸುರೀತಾರೆ.

ಮರು:
ಭಟ್ಟಿ ನೀರು.

ಮರು:
ಅದನ್ನು ಬ್ಯಾಟರಿಗೆ ಹಾಕೋ ಬದಲು ಕುಡಿದುಬಿಡ್ತಾರೆ ಸಾರ್. ಡಿಸ್ಟಿಲ್ಡ್ ವಾಟರೇ ಇರಲಿ.