ಐಫೋನ್ 3ಜಿಯೋ, ಕೀಪ್ಯಾಡ್ ಇರುವ ಬಿಜಿನೆಸ್ ಫೋನೋ: ಬಳಸಿದವರ ಅನುಭವ ಬೇಕು (2008ರ ಆಗಸ್ಟ್‌ನ ಚರ್ಚೆ)

ಎಪಿಎಂಸಿ ಮೆಕ್ಕೆಜೋಳ ವರ್ತಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಜೂನ್ 9ರಂದು ಅಮೆರಿಕದಲ್ಲಿ ಪ್ರಕಟವಾದ ಐಫೋನ್ 3ಜಿ ಇದೇ ಆಗಸ್ಟ್ 22ಕ್ಕೆ ನಮ್ಮಲ್ಲೂ ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ ಮಾರಾಟಕ್ಕೆ ಬರುತ್ತಿದೆ. 8 ಜಿಬಿಗೆ 31,000, 16 ಜಿಬಿಗೆ 36,100 ರೂಪಾಯಿ. ನಾಮಕ್ಕಲ್‌ನ ಕೋಳಿ ಆಹಾರ ತಯಾರಕರಿಂದಲೂ ಮುಂಬೈನ ರಫ್ತುದಾರರಿಂದಲೂ ನನಗೆ ದಿನವಿಡೀ ಮೇಲ್ ಬರುತ್ತದೆ. ಕಳೆದ ತಿಂಗಳು ಸರ್ಕಾರ ಮೆಕ್ಕೆಜೋಳದ ರಫ್ತನ್ನು ಅಕ್ಟೋಬರ್ 15ರವರೆಗೆ ನಿಷೇಧಿಸಿದಾಗ ಆ ವಿಷಯ ತಿಳಿಸುವ ಮೇಲ್ ಮಧ್ಯಾಹ್ನವೇ ಬಂದಿತ್ತು. ನಾನು ಯಾರ್ಡ್‌ನಿಂದ ಮನೆಗೆ ಹೋಗಿ ಕಂಪ್ಯೂಟರ್ ತೆರೆಯುವ ಹೊತ್ತಿಗೆ ಹಳೆಯ ದರಕ್ಕೇ ಮಾಲು ಹಿಡಿದಾಗಿತ್ತು. ಹಾಗಾಗಿ ಮೇಲ್ ಕೈಯಲ್ಲೇ ಇರಬೇಕು, ಎಕ್ಸೆಲ್‌ನ ದರಪಟ್ಟಿ ತೆರೆಯಬೇಕು, ಬೆಳಗಿನಿಂದ ಸಂಜೆಯವರೆಗೆ ಮಾತನಾಡಿದರೂ ಬ್ಯಾಟರಿ ಉಳಿಯಬೇಕು. ಐಫೋನ್, ಬ್ಲ್ಯಾಕ್‌ಬೆರಿ ಕರ್ವ್, ನೋಕಿಯಾ ಇ71, ಈ ಮೂರರಲ್ಲಿ ಯಾವುದನ್ನು ಕೊಳ್ಳಲಿ?

ಲೆಕ್ಕಪರಿಶೋಧಕ, ಪಿ.ಜೆ. ಬಡಾವಣೆ, ದಾವಣಗೆರೆ

ನಾನು ಬ್ಲ್ಯಾಕ್‌ಬೆರಿ ಕರ್ವ್ ಬಳಸುತ್ತಿದ್ದೇನೆ, ಅದನ್ನು ಬಿಟ್ಟು ಬೇರೆ ಫೋನಿಗೆ ಹೋಗುವ ವಿಚಾರ ನನಗಿಲ್ಲ. ಜುಲೈ 31ರ ಆದಾಯ ತೆರಿಗೆ ರಿಟರ್ನ್ ಗಡುವಿನ ಹಿಂದಿನ ವಾರವಿಡೀ ನಾನು ಹರಪನಹಳ್ಳಿ, ಜಗಳೂರು ಎಂದು ಓಡಾಡುತ್ತಿದ್ದೆ. ಕಕ್ಷಿದಾರರು ಸಂಬಳದ ತೆರಿಗೆ ಕಡಿತದ ಪ್ರಮಾಣಪತ್ರವಾದ ಫಾರಂ 16 ಅನ್ನು ಸ್ಕ್ಯಾನ್ ಮಾಡಿ ಕಳುಹಿಸಿದರೆ ಬಸ್ಸಿನಲ್ಲೇ ತೆರೆದು ನೋಡಿ, ಯಾವ ಕಾಗದ ಸಾಲದು ಎಂದು ಅಲ್ಲಿಂದಲೇ ಉತ್ತರಿಸುತ್ತಿದ್ದೆ. ಆ ಕೀಪ್ಯಾಡಿನ ಮೇಲೆ ನಾನು ಈಗ ನೋಡದೆಯೇ ಟೈಪ್ ಮಾಡಬಲ್ಲೆ. ಹತ್ತು ಮೇಲ್ ಖಾತೆಗಳವರೆಗೆ ಸೇರಿಸಬಹುದು; ಕಚೇರಿಯದು, ಮನೆಯದು, ಪಾಲುದಾರರದು ಎಲ್ಲವೂ ಒಂದೇ ಕಡೆ ಬಂದು ಬೀಳುತ್ತವೆ.

ಖರ್ಚನ್ನೂ ಹೇಳಿಬಿಡುತ್ತೇನೆ. ಕೆಲವು ತಿಂಗಳು ಮಾತ್ರ ಬಳಸಿದ್ದ ಫೋನನ್ನು 13,500 ರೂಪಾಯಿಗೆ ಕೊಂಡೆ. ಎರಡನೆಯ ಬ್ಯಾಟರಿಗೆ 1,150, ಸೊಂಟಕ್ಕೆ ಹಾಕುವ ಚರ್ಮದ ಚೀಲಕ್ಕೆ 450, ಕಾರಿನ ಚಾರ್ಜರಿಗೆ 380. ಆ ಚೀಲದಲ್ಲಿ ಒಂದು ಅಯಸ್ಕಾಂತವಿದ್ದು, ಫೋನನ್ನು ಒಳಗಿಟ್ಟ ಕೂಡಲೇ ಪರದೆ ತಾನಾಗಿ ಆರುತ್ತದೆ. 150 ರೂಪಾಯಿಯ ಅಗ್ಗದ ಚೀಲದಲ್ಲಿ ಅದು ಇರುವುದಿಲ್ಲ, ಆದ್ದರಿಂದ ಅದನ್ನು ಕೊಳ್ಳಬೇಡಿ. ತಿಂಗಳ ಮೇಲ್ ಶುಲ್ಕ ನಿಗದಿಯಾಗಿರುವುದರಿಂದ ಎಷ್ಟು ಮೇಲ್ ಬಂದರೂ ಎದೆ ಹೊಡೆದುಕೊಳ್ಳುವುದಿಲ್ಲ.

ಗಾಳಿಯಂತ್ರ ನಿರ್ವಹಣೆಯ ಇಂಜಿನಿಯರ್, ಚಿತ್ರದುರ್ಗ

ನನ್ನ ಕೆಲಸ ಜೋಗಿಮಟ್ಟಿಯ ಮೇಲೆ, ಗಾಳಿ ಮತ್ತು ದೂಳಿನ ನಡುವೆ. ನಾನು ನೋಕಿಯಾ ಇ61ಐ ಬಳಸುತ್ತೇನೆ. ಗೋಪುರ ಹತ್ತಿದಾಗ ಕೈಗವಸು ತೆಗೆಯುವಂತಿಲ್ಲ, ಗವಸಿನಲ್ಲೇ ಕೀಲಿ ಒತ್ತಿ ಕರೆ ಸ್ವೀಕರಿಸುತ್ತೇನೆ. ಐಫೋನಿನ ಗಾಜು ಬರಿಯ ಬೆರಳಿಗೆ ಮಾತ್ರ ಸ್ಪಂದಿಸುತ್ತದೆ. ನಮ್ಮ ಕಂಪನಿಯ ವ್ಯವಸ್ಥಾಪಕರು ಚೆನ್ನೈನಿಂದ ಹಳೆಯ ಐಫೋನ್ ತಂದಿದ್ದಾಗ ಗವಸು ಹಾಕಿಕೊಂಡು ಮುಟ್ಟಿ ನೋಡಿದೆ, ಅದು ಅಲುಗಲೂ ಇಲ್ಲ. ಮೂಟೆ ಹೊಲಿಯುವ ಜಾಗದಲ್ಲಿ ಕೈಗೆಲ್ಲ ಜೋಳದ ಹೊಟ್ಟು ಅಂಟಿಕೊಂಡಿರುವ ವರ್ತಕರಿಗೂ ಇದು ಯೋಚಿಸಬೇಕಾದ ವಿಷಯವೇ.

ಬ್ಯಾಟರಿಯ ವಿಷಯದಲ್ಲಿ ನಾನು ಬಹಳ ದುಡ್ಡು ಸುರಿದಿದ್ದೇನೆ. ಫೋನಿಗೆ 16,250 ಕೊಟ್ಟೆ. ಅದರ ಬಿಪಿ-5ಎಲ್ ಬ್ಯಾಟರಿ 1500 ಎಂಎಎಚ್‌ನದು. ಲೋಡ್ ಶೆಡ್ಡಿಂಗ್ ದಿನಗಳಿಗೆಂದು ತಲಾ 780ರಂತೆ ಇನ್ನೆರಡನ್ನು ಕೊಂಡೆ, ಬ್ಯಾಟರಿಯನ್ನು ಹೊರಗಿಟ್ಟು ಚಾರ್ಜ್ ಮಾಡುವ ಸಾಧನಕ್ಕೆ 320, ಜೀಪಿನ ಚಾರ್ಜರಿಗೆ 350. ಈಗ ಇ71 ಬಂದಿದೆ, ಅದರದು ಬಿಪಿ-4ಎಲ್! ಅಳತೆ ಬೇರೆಯಾದ್ದರಿಂದ ನಾನು ಕೂಡಿಟ್ಟ ಬ್ಯಾಟರಿಗಳೆಲ್ಲ ಅದಕ್ಕೆ ನಿರುಪಯುಕ್ತ. ಹಾಗಿದ್ದರೂ ಬ್ಯಾಟರಿಯನ್ನು ಬಿಚ್ಚಿ ಬದಲಿಸಬಹುದಾದ ಫೋನು ಅದು. ಐಫೋನಿನಲ್ಲಿ ಬ್ಯಾಟರಿ ಒಳಗೇ ಮುಚ್ಚಿಹೋಗಿದೆ. ಕರೆಂಟ್ ಹೋದ ಊರಿನಲ್ಲಿ ಮಧ್ಯಾಹ್ನ ಮೂರಕ್ಕೆ ಅದು ಆರಿದರೆ ತಾವು ಏನು ಮಾಡುತ್ತೀರಿ?

ಬ್ಲ್ಯಾಕ್‌ಬೆರಿಯ ವಿಷಯ ಹೇಳಿದವರಿಗೆ ಇನ್ನೊಂದು ಮಾತು. ಅದರ ಸಂದೇಶಗಳನ್ನು ಪರಿಶೀಲಿಸಲು ಅವಕಾಶ ಬೇಕೆಂದು ನಮ್ಮ ಸರ್ಕಾರ ಈ ವರ್ಷವೇ ಪಟ್ಟು ಹಿಡಿದಿದೆ. ನಾಳೆ ಸೇವೆಯೇ ನಿಂತರೆ ತಮ್ಮ 13,500 ಏನಾಗುತ್ತದೆ? ಪರದೆಯ ಮೇಲಿನ ಗುರುತನ್ನು ಸರಿಸುವ ಪುಟ್ಟ ಗುಂಡು, ಅಂದರೆ ಟ್ರ್ಯಾಕ್‌ಬಾಲ್‌ನ ಸಂದಿಗೆ ದೂಳು ಸೇರಿದರೆ ಅದು ಸರಿಯಾಗಿ ಉರುಳುವುದಿಲ್ಲ ಎಂಬುದನ್ನೂ ತಾವು ಹೇಳಲಿಲ್ಲ.

ಲೆಕ್ಕಪರಿಶೋಧಕ, ಪಿ.ಜೆ. ಬಡಾವಣೆ, ದಾವಣಗೆರೆ

ಇಂಜಿನಿಯರ್ ಸಾಹೇಬರೇ, ಸೇವೆ ನಿಲ್ಲುತ್ತದೆ ಎಂದು ಯಾರೂ ಆದೇಶ ಹೊರಡಿಸಿಲ್ಲ, ಮಾತುಕತೆ ನಡೆಯುತ್ತಿದೆ ಅಷ್ಟೆ. ಕಕ್ಷಿದಾರರ ಲೆಕ್ಕಪತ್ರಗಳನ್ನು ಬೇರೆಯವರು ಸುಲಭವಾಗಿ ಓದಲಾಗದ ಫೋನನ್ನು ಆರಿಸಿಕೊಂಡದ್ದು ನನ್ನ ವೃತ್ತಿಯ ಕರ್ತವ್ಯ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಟ್ರ್ಯಾಕ್‌ಬಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಗೋಪುರ ಹತ್ತುವ ತಮ್ಮ ಕಷ್ಟವನ್ನು ಮಂಡಿಯಲ್ಲಿ ಕುಳಿತು ವ್ಯಾಪಾರ ಮಾಡುವವರ ಮೇಲೆ ಹೇರುವುದು ಸರಿಯಲ್ಲ.

ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ, ದಾವಣಗೆರೆ

ಮೇಲಿನ ಇಬ್ಬರೂ ಐಫೋನನ್ನು ಒಂದು ವಾರವಾದರೂ ಬಳಸಿ ಮಾತನಾಡಿದ್ದರೆ ಚೆನ್ನಾಗಿತ್ತು. ನನ್ನ ಅಣ್ಣ ಕಳೆದ ವರ್ಷ ಅಮೆರಿಕದಿಂದ ಮೊದಲ ಐಫೋನನ್ನು ತಂದುಕೊಟ್ಟರು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಅದು ನಮ್ಮ ಸಿಮ್‌ನಲ್ಲೂ ಓಡುವಂತೆ ಅದರ ಬೀಗ ಬಿಡಿಸಲು 2,500 ರೂಪಾಯಿ ತೆಗೆದುಕೊಂಡರು. ಕಳೆದ ತಿಂಗಳು ಹೊಸ 2.0 ತಂತ್ರಾಂಶಕ್ಕೆ ಏರಿಸಿದಾಗ ಬೀಗ ಮತ್ತೆ ಬಿದ್ದು, ಬೇರೊಂದು ಅಂಗಡಿಯವರಿಗೆ ಇನ್ನೂ 1,200 ಕೊಡಬೇಕಾಯಿತು. ಆ ಹಣದ ಬಗ್ಗೆ ನನಗೆ ಕಿಂಚಿತ್ತೂ ಖೇದವಿಲ್ಲ. ಅಂತರಜಾಲದ ಪುಟವನ್ನು ಅದು ಇರುವಂತೆಯೇ ತೋರಿಸಿ, ಎರಡು ಬೆರಳಿನಿಂದ ಹಿಗ್ಗಿಸಿ ಓದಲು ಬಿಡುವ ಫೋನು ಇನ್ನೊಂದಿಲ್ಲ. ನಿಜಾಮಾಬಾದ್‌ನ ಮೆಕ್ಕೆಜೋಳದ ಮುಂಗಡ ದರದ ಕೋಷ್ಟಕವನ್ನು ಚಿಕ್ಕ ಪರದೆಯ ಫೋನಿನಲ್ಲಿ ಬಲಕ್ಕೂ ಎಡಕ್ಕೂ ಎಳೆದಾಡುತ್ತಾ ಓದುವವರ ಪಾಡನ್ನು ನಾನು ಕಂಡಿದ್ದೇನೆ. ಜುಲೈನಲ್ಲಿ ಆ್ಯಪ್ ಸ್ಟೋರ್ ತೆರೆದಿದೆ, ಮೊದಲ ದಿನವೇ ಸುಮಾರು 500 ತಂತ್ರಾಂಶಗಳಿದ್ದವು. ಇಂದು ಇಲ್ಲದ್ದು ನಾಳೆ ಬರುತ್ತದೆ.

ನನ್ನ ಕೋಪವಿರುವುದು ಬೆಲೆಯ ಮೇಲೆ. ಅಮೆರಿಕದಲ್ಲಿ 199 ಡಾಲರ್, ಅಂದರೆ ನಮ್ಮ 8,600 ರೂಪಾಯಿಯ ಆಸುಪಾಸಿಗೆ ಮಾರುವ ಫೋನನ್ನು ಇಲ್ಲಿ 31,000ಕ್ಕೆ ಮಾರುವುದು ಅನ್ಯಾಯ.

ಬಟ್ಟೆ ವ್ಯಾಪಾರಿ, ಮಂಡಿಪೇಟೆ, ದಾವಣಗೆರೆ

ಉಪನ್ಯಾಸಕರು ಅರ್ಧ ಲೆಕ್ಕ ಮಾತ್ರ ಹೇಳಿದ್ದಾರೆ. ಆ 199 ಡಾಲರ್ ಬೆಲೆ ಎರಡು ವರ್ಷದ ಕರಾರಿಗೆ ಸಹಿ ಹಾಕಿದವರಿಗೆ. ಅಲ್ಲಿನ ಕನಿಷ್ಠ ಮಾಸಿಕ ಶುಲ್ಕವೇ ಸುಮಾರು 70 ಡಾಲರ್. 24 ತಿಂಗಳಿಗೆ 1,680, ಫೋನಿನ ಬೆಲೆ ಸೇರಿಸಿದರೆ 1,879 ಡಾಲರ್. ಡಾಲರಿಗೆ 43 ರೂಪಾಯಿ ಹಿಡಿದರೂ 80,000 ದಾಟುತ್ತದೆ. ಕಳೆದ ಸೆಪ್ಟೆಂಬರ್‌ನಲ್ಲಿ ಇದೇ ಆ್ಯಪಲ್ ಕಂಪನಿ 8 ಜಿಬಿ ಫೋನಿನ ಬೆಲೆಯನ್ನು ಒಂದೇ ಏಟಿಗೆ 599ರಿಂದ 399 ಡಾಲರಿಗೆ ಇಳಿಸಿದ್ದು ಎಲ್ಲರಿಗೂ ನೆನಪಿದೆ. ಆದ್ದರಿಂದ ಮೊದಲ ವಾರವೇ ಕೊಳ್ಳುವ ಆತುರ ಬೇಡ.

ನನಗೆ ಬಿದ್ದ ಪೆಟ್ಟು ಫೋನಿನದಲ್ಲ, ಡೇಟಾ ಬಿಲ್ಲಿನದು. ಸಂಪರ್ಕ ಕೊಟ್ಟ ಕಂಪನಿಯ ಹೆಸರು ಹೇಳುವುದಿಲ್ಲ. ಸೂರತ್‌ನಿಂದ ಸೀರೆಗಳ ಚಿತ್ರಗಳು ಮೇಲ್‌ನಲ್ಲಿ ಬರುತ್ತವೆಂದು ಫೋನಿನಲ್ಲಿ ಅಂತರಜಾಲ ಕೊಡುವ ಜಿಪಿಆರ್‌ಎಸ್ ಹಾಕಿಸಿದೆ. ಅಂಗಡಿಯ ಹುಡುಗ ಅನಿಯಮಿತ ಎಂದು ಹೇಳಿದ್ದ. ಬಂದ ಬಿಲ್ಲಿನಲ್ಲಿ ಪ್ರತಿ ಕೆಬಿಗೂ ಲೆಕ್ಕ ಹಾಕಿ 4,870 ರೂಪಾಯಿ ಬರೆದಿದ್ದರು. ದೂರು ಕೊಟ್ಟೆ, ಕಾಗದ ಬರೆದೆ, ಹುಬ್ಬಳ್ಳಿಯ ಕಚೇರಿಗೆ ಮಾತನಾಡಿದೆ. ಕೊನೆಗೆ 1,900 ಮಾತ್ರ ಕಳೆದರು, ಉಳಿದದ್ದನ್ನು ಕಟ್ಟಿಸಿಕೊಂಡರು. ಮೇಲ್ ಬಂದಿದೆಯೇ ಎಂದು ಗಳಿಗೆಗೊಮ್ಮೆ ತಾನೇ ಹೋಗಿ ನೋಡುವ ಫೋನು ಯಾವುದೇ ಇರಲಿ, ಅದು ನೋಡಿದಷ್ಟಕ್ಕೂ ಹಣ. ಫೋನಿಗಿಂತ ಮೊದಲು ಶುಲ್ಕದ ವಿವರವನ್ನು ಬರಹದಲ್ಲಿ ಪಡೆದುಕೊಳ್ಳಿ.

ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ, ದಾವಣಗೆರೆ

ಕರಾರಿನ ಶುಲ್ಕದಲ್ಲಿ ಮಾತನಾಡುವ ನಿಮಿಷಗಳೂ ಅನಿಯಮಿತ ಡೇಟಾವೂ ಸೇರಿರುತ್ತವೆ, ವ್ಯಾಪಾರಿಗಳೇ. ಅದನ್ನೆಲ್ಲ ಫೋನಿನ ಬೆಲೆಗೆ ಕೂಡಿಸಿ ಹೇಳುವುದು ಯಾವ ಲೆಕ್ಕ? ಇಲ್ಲಿ 31,000 ಕೊಟ್ಟ ಮೇಲೂ ಕರೆಗೆ ಬೇರೆ, ಡೇಟಾಕ್ಕೆ ಬೇರೆ ಕಟ್ಟಬೇಕು.

ಗಾಳಿಯಂತ್ರ ನಿರ್ವಹಣೆಯ ಇಂಜಿನಿಯರ್, ಚಿತ್ರದುರ್ಗ

ಹೆಸರಿನಲ್ಲೇ 3ಜಿ ಇರುವ ಫೋನಿಗೆ ಅಷ್ಟು ಹಣ ಕೊಡುವವರು ನಮ್ಮ ದೇಶದಲ್ಲಿ 3ಜಿ ತರಂಗಾಂತರದ ಹರಾಜೇ ಇನ್ನೂ ನಡೆದಿಲ್ಲ ಎಂಬುದನ್ನು ನೆನಪಿಡಬೇಕು. ಈ ತಿಂಗಳ ಆರಂಭದಲ್ಲಿ ಸರ್ಕಾರ ಮಾರ್ಗಸೂಚಿ ಪ್ರಕಟಿಸಿದೆ, ಅಷ್ಟೇ. ದಾವಣಗೆರೆಯಲ್ಲಿ ಐಫೋನೂ 3ಜಿಗಿಂತ ನಿಧಾನವಾದ ಹಳೆಯ ಎಡ್ಜ್ ಜಾಲದಲ್ಲೇ ಓಡಬೇಕು, ನನ್ನ ಇ61ಐ ಕೂಡ ಎಡ್ಜ್‌ನಲ್ಲೇ ಓಡುತ್ತದೆ. ಅದಲ್ಲದೆ ಐಫೋನಿನಲ್ಲಿ ಒಂದು ಕಡೆಯ ಅಕ್ಷರಗಳನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸಲಾಗದು, ಎಂಎಂಎಸ್ ಇಲ್ಲ, ಬ್ಲೂಟೂತ್‌ನಲ್ಲಿ ಫೈಲ್ ಕಳುಹಿಸಲಾಗದು, ಬಂದ ಎಸ್ಸೆಮ್ಮೆಸ್ಸನ್ನು ಇನ್ನೊಬ್ಬರಿಗೆ ದಾಟಿಸಲೂ ಆಗದು.

ಎಪಿಎಂಸಿ ಮೆಕ್ಕೆಜೋಳ ವರ್ತಕ, ದಾವಣಗೆರೆ

ಕೊನೆಯ ಮಾತನ್ನು ದಯವಿಟ್ಟು ಖಚಿತಪಡಿಸಿ. ಮುಂಬೈನಿಂದ ಬರುವ ದರದ ಎಸ್ಸೆಮ್ಮೆಸ್ಸನ್ನು ನಾನು ಪ್ರತಿದಿನ ಜಗಳೂರು, ಹೊನ್ನಾಳಿ, ಚನ್ನಗಿರಿಯ ರೈತರಿಗೆ ಹಾಗೆಯೇ ದಾಟಿಸುತ್ತೇನೆ. ಈಗಿರುವ 2,000 ರೂಪಾಯಿಯ ಫೋನು ಈ ಕೆಲಸವನ್ನು ಮಾಡುತ್ತದೆ.

ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ, ದಾವಣಗೆರೆ

ಹೌದು, ಈಗ ಆಗುವುದಿಲ್ಲ, ಮತ್ತೆ ಟೈಪ್ ಮಾಡಬೇಕು. ಆದರೆ ಇದು ತಂತ್ರಾಂಶದ ಕೊರತೆ, ಯಂತ್ರದ್ದಲ್ಲ. ಹೊಸ ತಂತ್ರಾಂಶ ಬಂದ ದಿನ ಹಳೆಯ ಫೋನಿಗೂ ಅದು ಸಿಗುತ್ತದೆ ಎಂಬುದನ್ನು 2.0 ತೋರಿಸಿಕೊಟ್ಟಿದೆ. ಕೀಪ್ಯಾಡ್ ಫೋನಿನ ಪರದೆ ಮಾತ್ರ ಎಂದಿಗೂ ಬೆಳೆಯುವುದಿಲ್ಲ.

ಲೆಕ್ಕಪರಿಶೋಧಕ, ಪಿ.ಜೆ. ಬಡಾವಣೆ, ದಾವಣಗೆರೆ

ವರ್ತಕರಿಗೆ ಹೊಸ ಮಾಲು ಬರುವುದು ಅಕ್ಟೋಬರ್‌ನಲ್ಲಿ, ತಂತ್ರಾಂಶ ಬರುವ ದಿನ ಯಾರಿಗೂ ತಿಳಿದಿಲ್ಲ. ಎಕ್ಸೆಲ್ ವಿಷಯವನ್ನು ಯಾರೂ ಉತ್ತರಿಸಲಿಲ್ಲ, ನಾನೇ ಹೇಳುತ್ತೇನೆ. ಐಫೋನಿನಲ್ಲಿ ದರಪಟ್ಟಿಯನ್ನು ತೆರೆದು ಓದಬಹುದು, ಒಂದು ಅಂಕಿಯನ್ನೂ ತಿದ್ದಲಾಗದು. ಇ71ರಲ್ಲಿ ತಿದ್ದಬಹುದು, ಇದನ್ನು ನಾನು ಬ್ಲ್ಯಾಕ್‌ಬೆರಿ ಬಳಸುವವನಾಗಿಯೂ ಒಪ್ಪುತ್ತೇನೆ. ಮೇಲ್ ತಾನಾಗಿ ಬಂದು ಬೀಳುವುದು ಐಫೋನಿನಲ್ಲೂ ಇದೆ, ಆದರೆ ಯಾಹೂ, ಕಂಪನಿಗಳು ಬಳಸುವ ಎಕ್ಸ್‌ಚೇಂಜ್ ಅಥವಾ ಆ್ಯಪಲ್‌ನದೇ ಆದ, ವರ್ಷಕ್ಕೆ 99 ಡಾಲರಿನ ಮೊಬೈಲ್‌ಮಿ ಖಾತೆಗೆ ಮಾತ್ರ. ಉಳಿದ ಖಾತೆಗಳನ್ನು ಅದು 15 ನಿಮಿಷಕ್ಕೊಮ್ಮೆ ಹೋಗಿ ನೋಡುತ್ತದೆ. ತಮ್ಮ ಮೇಲ್ ಖಾತೆ ಯಾವುದು?

ಎಪಿಎಂಸಿ ಮೆಕ್ಕೆಜೋಳ ವರ್ತಕ, ದಾವಣಗೆರೆ

ಒಂದು ಜಿಮೇಲ್, ಇನ್ನೊಂದು ಮಂಡಿಯ ಹೆಸರಿನದು. ಎರಡೂ ಯಾಹೂ ಅಲ್ಲ. ತಮ್ಮ ಕರ್ವ್‌ನಲ್ಲಿ ನನ್ನ ದರಪಟ್ಟಿ ಹೇಗೆ ಕಾಣುತ್ತದೆಂದು ನೋಡಲು ಭಾನುವಾರ ಬರಬಹುದೇ? ಇ71ಕ್ಕೆ ಬಿಪಿ-4ಎಲ್ ಎರಡನೆಯ ಬ್ಯಾಟರಿ ದಾವಣಗೆರೆಯಲ್ಲೇ ಸಿಗುತ್ತದೆಯೇ ಎಂದು ಇಂಜಿನಿಯರ್ ಅವರು ತಿಳಿಸಿದರೆ ಉಪಕಾರ.

ಗಾಳಿಯಂತ್ರ ನಿರ್ವಹಣೆಯ ಇಂಜಿನಿಯರ್, ಚಿತ್ರದುರ್ಗ

ಇಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ನಕಲಿ ಬ್ಯಾಟರಿಯೇ ಹೆಚ್ಚು, 250 ರೂಪಾಯಿಗೆ ಕೊಡುತ್ತಾರೆ, ಅದನ್ನು ಮುಟ್ಟಬೇಡಿ. ಅಸಲಿ ಬ್ಯಾಟರಿಯ ಮೇಲೆ ಹೊಳೆಯುವ ಮುದ್ರೆ ಅಂಟಿಸಿರುತ್ತಾರೆ, ಅದನ್ನು ನೋಡಿಯೇ ಕೊಳ್ಳಿ. ಬೆಂಗಳೂರಿನಿಂದ ತರಿಸುವುದಾದರೆ ನನಗೂ ಒಂದು ಬೇಕು. ಈ ತಿಂಗಳ ಕೊನೆಗೆ ನಾನೂ ಇ71 ಕೊಳ್ಳುತ್ತಿದ್ದೇನೆ.