ಅಪ್‌ಡೇಟ್: ಒರಿಜಿನಲ್ ಆರ್‌ಸಿ ಇಲ್ಲದೆ ರಾಯದುರ್ಗಕ್ಕೆ ಹೋಗಿ ಬಂದೆವು

ಹೋದ ವಾರ ಕೇಳಿದ್ದೆ: ಚಿತ್ರದುರ್ಗದಿಂದ ಮೊಳಕಾಲ್ಮೂರು ಮೇಲೆ ಆಂಧ್ರದ ರಾಯದುರ್ಗಕ್ಕೆ ಮದುವೆಗೆ ಹೋಗಬೇಕು, ಅಪ್ಪನ ಹೆಸರಿನ ಕಾರು, ಆರ್‌ಸಿ ಕಾರ್ಡ್ (ಗಾಡಿಯ ನೋಂದಣಿ ಪತ್ರ) ಸಿಗ್ತಿಲ್ಲ, ಗಡಿ ಚೆಕ್‌ಪೋಸ್ಟಲ್ಲಿ ಏನು ಮಾಡೋದು ಅಂತ. ಹೋಗಿ ಬಂದೆವು, ದಂಡ ಬೀಳಲಿಲ್ಲ.

ಕೆಲಸಕ್ಕೆ ಬಂದಿದ್ದು ಎಂಪರಿವಾಹನ್ ಆ್ಯಪ್ ಸಲಹೆ, ಅಂದರೆ ಆರ್‌ಸಿಯನ್ನು ಫೋನಲ್ಲೇ ತೋರಿಸೋ ಸರ್ಕಾರಿ ಆ್ಯಪ್. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಚಾಸಿ ಮತ್ತು ಎಂಜಿನ್ ನಂಬರಿನ ಕೊನೆಯ ಅಂಕಿಗಳನ್ನು ಕೇಳಿತು, ಆರ್‌ಸಿನೇ ಇಲ್ಲವಲ್ಲ ಅಂತ ಗಾಬರಿಯಾಯ್ತು, ಆಮೇಲೆ ನೋಡಿದರೆ ಎರಡೂ ಇನ್ಶೂರೆನ್ಸ್ ಪಾಲಿಸಿಯಲ್ಲೇ ಇದ್ದವು! ದಾಖಲೆ ಇಟ್ಟುಕೊಳ್ಳೋ ಇನ್ನೊಂದು ಸರ್ಕಾರಿ ಆ್ಯಪ್ ಡಿಜಿಲಾಕರ್, ಅದು ನನ್ನ ಫೋನಲ್ಲಿ ಆಗಲಿಲ್ಲ, ಆಧಾರ್ ಹೆಸರೂ ಆರ್‌ಸಿ ಹೆಸರೂ ಹೊಂದಬೇಕು. ಅಪ್ಪನ ಫೋನಲ್ಲಿ ಮಾಡಿದರೂ ಇನಿಷಿಯಲ್ ವ್ಯತ್ಯಾಸದಿಂದ ತೆಗೆದುಕೊಳ್ಳಲಿಲ್ಲ.

ಚೆಕ್‌ಪೋಸ್ಟಲ್ಲಿ ಮೊದಲು ಗ್ಯಾಲರಿಯಲ್ಲಿದ್ದ ಆರ್‌ಸಿ ಫೋಟೊ ತೋರಿಸಿದೆ. ಇದು ನಡೆಯಲ್ಲ ಅಂದರು. ಆ್ಯಪ್ ತೆರೆದು ತೋರಿಸಿದ ಮೇಲೆ ಒಪ್ಪಿದರು. 2018ರಲ್ಲೇ ಕೇಂದ್ರದ ನಿಯಮ ಬದಲಾಗಿದೆ, ಇಂಥ ಡಿಜಿಟಲ್ ದಾಖಲೆ ಎಲ್ಲ ರಾಜ್ಯಗಳಲ್ಲೂ ನಡೆಯುತ್ತೆ, ನನಗೆ ಗೊತ್ತೇ ಇರಲಿಲ್ಲ. ಹೊಗೆ ತಪಾಸಣೆ ಚೀಟಿಯನ್ನೂ ಕೇಳಿದರು, ಅದರ ದಿನಾಂಕ ಮನೆಯಲ್ಲೇ ನೋಡಿಕೊಳ್ಳಿ. ಅಲ್ಲಿ ನೆಟ್‌ವರ್ಕ್ ಬಂದು ಬಂದು ಹೋಗ್ತಿತ್ತು, ಊರು ಬಿಡೋ ಮುಂಚೆಯೇ ಲಾಗಿನ್ ಆಗಿರಿ.

ಆರ್‌ಸಿ ಇನ್ನೂ ಸಿಕ್ಕಿಲ್ಲ, ಸೋಮವಾರ ಡೂಪ್ಲಿಕೇಟ್‌ಗೆ ಅರ್ಜಿ ಹಾಕ್ತೀವಿ.